ಸ್ಪೀಕರ್ ಪೆಟ್ಟಿಗೆಯೂ ಕೋಣೆಯೂ: ನೂರು ವರ್ಷಗಳ ಒಂದು ಕಥೆ

ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಹಜಾರದ ಷೋಕೇಸಿನ ಕಡೆಗೆ. ನಡುವೆ ದೊಡ್ಡ ಟಿ.ವಿ.; ಅದರ ಎರಡೂ ಬದಿಗೆ ಬಡಗಿಯು ಅಳತೆ ತೆಗೆದು ಮಾಡಿದ ಗೂಡುಗಳು; ಆ ಗೂಡುಗಳಲ್ಲಿ ಬಿಗಿಯಾಗಿ ಕುಳಿತ ಎರಡು ಸ್ಪೀಕರ್ ಪೆಟ್ಟಿಗೆಗಳು. ಬೆಲೆ ಕೇಳಿದರೆ ನನ್ನ ಕೆಲವು ತಿಂಗಳ ಪಿಂಚಣಿಗೆ ಸಮನಾಗಿರುತ್ತದೆ. ಹಾಡು ಹಾಕಿದರೆ ಮೃದಂಗವು ಡೋಲಿನಂತೆ ಗುಮ್ಮೆನ್ನುತ್ತದೆ, ಗಾಯಕರ ಸಾಹಿತ್ಯ ತಿಳಿಯುವುದಿಲ್ಲ. "ಮೇಷ್ಟ್ರೇ, ಇನ್ನೂ ಒಳ್ಳೆಯ ಕಂಪನಿಯದನ್ನು ತರಬೇಕಾಗಿತ್ತೇನೋ" ಎಂದು ಮನೆಯ ಯಜಮಾನ ಹೇಳುತ್ತಾನೆ. ದೋಷವು ಕಂಪನಿಯದಲ್ಲ, ಗೂಡಿನದು ಎಂದರೆ ನಂಬುವುದಿಲ್ಲ.

ಇದನ್ನು ನಂಬಬೇಕಾದರೆ ಸ್ಪೀಕರಿನ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು. ಸ್ಪೀಕರ್ ಪೆಟ್ಟಿಗೆಯನ್ನು ರೂಪಿಸಿದ ಎಂಜಿನಿಯರು ಅದನ್ನು ಕೊಳ್ಳುವವರ ಮನೆಯನ್ನು ನೋಡಿರುವುದಿಲ್ಲ. ಆದರೂ ಆ ಮನೆಯ ಬಗ್ಗೆ ಆತ ಒಂದು ಊಹೆಯನ್ನು ಮಾಡಿರುತ್ತಾನೆ, ಆ ಊಹೆಯನ್ನು ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿಯಲ್ಲಿ ಸುತ್ತಿಟ್ಟಿರುತ್ತಾನೆ. ಊಹೆಗೂ ಮನೆಗೂ ಹೊಂದಿಕೆಯಾಗದಿದ್ದಾಗ ಸಂಗೀತ ಕೆಡುತ್ತದೆ. ಎಂಜಿನಿಯರುಗಳು ಈ ಪಾಠವನ್ನು ಕಲಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಒಂದೇ ಬಾಯಿಗೆ ಆಗದ ಕೆಲಸ

ನಾವು ಇಂದು ಬಳಸುವ, ಸುರುಳಿಯೊಂದು ಕಾಗದದ ಶಂಕುವನ್ನು ಅಲುಗಿಸುವ ಬಗೆಯ ಸ್ಪೀಕರಿಗೆ ಖಚಿತವಾದ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಪ್ರಕಟವಾದದ್ದು 1925ರಲ್ಲಿ. ಅಂದಿನಿಂದ ಇಂದಿನವರೆಗೆ ಮೂಲತತ್ತ್ವ ಬದಲಾಗಿಲ್ಲ.

ಆದರೆ ಕೂಡಲೇ ಒಂದು ತೊಡಕು ಎದುರಾಯಿತು. ನಮ್ಮ ಕಿವಿಯು ಸ್ಥೂಲವಾಗಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಕೇಳುತ್ತದೆ. ಶಬ್ದದ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಬರುತ್ತದೆ ಎಂದು ತರಗತಿಯಲ್ಲಿ ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಈಗ ಲೆಕ್ಕ ಮಾಡಿ ನೋಡಿ: 20 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 17 ಮೀಟರ್, 20,000 ಹರ್ಟ್ಸ್‌ನದು ಸುಮಾರು 1.7 ಸೆಂಟಿಮೀಟರ್. ಮೊದಲನೆಯದು ಮನೆಗಿಂತ ಉದ್ದ, ಎರಡನೆಯದು ಹೆಬ್ಬೆರಳಿಗಿಂತ ಕಿರಿದು. ಮಂದ್ರಸ್ವರಕ್ಕೆ ಬಹಳ ಗಾಳಿಯನ್ನು ತಳ್ಳಬಲ್ಲ ಅಗಲವಾದ ಶಂಕು ಬೇಕು. ತಾರಸ್ವರಕ್ಕೆ ಹಗುರವಾದ ಪುಟ್ಟ ಪರದೆ ಬೇಕು. ಮೃದಂಗದ ಎಡ ಮುಖಕ್ಕೂ ಬಲ ಮುಖಕ್ಕೂ ಒಂದೇ ಹದದ ಚರ್ಮ ಹೊದಿಸಿದರೆ ಹೇಗೋ ಹಾಗೆ, ಒಂದೇ ಶಂಕುವಿನಿಂದ ಎಲ್ಲವನ್ನೂ ನುಡಿಸಹೊರಟರೆ ಯಾವುದೂ ಸರಿಯಾಗಿ ನುಡಿಯುವುದಿಲ್ಲ. ಆದುದರಿಂದ ಮಂದ್ರಕ್ಕೆ ವೂಫರ್, ತಾರಕ್ಕೆ ಟ್ವೀಟರ್ ಎಂದು ಕೆಲಸವನ್ನು ಹಂಚಲಾಯಿತು.

ಈ ಹಂಚಿಕೆಯನ್ನು ಮಾಡುವ ಪುಟ್ಟ ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಕೆಪ್ಯಾಸಿಟರ್ ಹೆಚ್ಚಿನ ಆವೃತ್ತಿಗಳನ್ನು ಸಲೀಸಾಗಿ ಬಿಡುತ್ತದೆ, ಕಡಿಮೆಯವನ್ನು ತಡೆಯುತ್ತದೆ. ತಂತಿಯ ಸುರುಳಿ ಇದಕ್ಕೆ ತದ್ವಿರುದ್ಧ. ಟ್ವೀಟರಿನ ಹಾದಿಯಲ್ಲಿ ಕೆಪ್ಯಾಸಿಟರನ್ನೂ ವೂಫರಿನ ಹಾದಿಯಲ್ಲಿ ಸುರುಳಿಯನ್ನೂ ಇಟ್ಟರೆ ಅತಿ ಸರಳವಾದ ಕ್ರಾಸ್‌ಓವರ್ ಸಿದ್ಧವಾಯಿತು. 8 ಓಮ್ ರೋಧವುಳ್ಳ ಸ್ಪೀಕರುಗಳನ್ನು 3,000 ಹರ್ಟ್ಸ್‌ನಲ್ಲಿ ಬೇರ್ಪಡಿಸಲು ಸುಮಾರು 6.6 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್, 0.42 ಮಿಲಿಹೆನ್ರಿಯ ಸುರುಳಿ ಸಾಕು. ಕಾಗದದ ಮೇಲೆ ಇದು ಐದು ನಿಮಿಷದ ಲೆಕ್ಕ.

ಧ್ವನಿಯನ್ನು ಒಡೆಯುವುದು ಹೀಗೆ ಸುಲಭ. ಒಡೆದದ್ದನ್ನು ಕೇಳುಗನ ಕಿವಿಯ ಬಳಿ ಮತ್ತೆ ಒಂದಾಗಿಸುವುದೇ ಕಷ್ಟ.

ಎರಡು ಕಡೆಯ ಧ್ವನಿ

ಅದೇ ಕಾಲದಲ್ಲಿ ಬೇರೆ ಕೆಲವರು ಧ್ವನಿಯನ್ನು ಎಡ ಬಲಗಳೆಂದು ಇನ್ನೊಂದು ರೀತಿಯಲ್ಲಿ ಒಡೆಯುತ್ತಿದ್ದರು. ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯಲ್ಲಿದ್ದ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರು 1931ರ ಡಿಸೆಂಬರಿನಲ್ಲಿ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದನು. ಸಿನಿಮಾ ಮಂದಿರದಲ್ಲಿ ನಟನು ತೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ಮಾತು ಮಾತ್ರ ಒಂದೇ ಕಡೆಯಿಂದ ಬರುತ್ತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1942ರಲ್ಲಿ, ರೇಡಾರ್ ಪರೀಕ್ಷೆಯ ವಿಮಾನವೊಂದು ಅಪಘಾತಕ್ಕೀಡಾಗಿ ಅವನು ಮೃತನಾದಾಗ ವಯಸ್ಸು ಇನ್ನೂ ಮೂವತ್ತೆಂಟು. ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಜನರ ಕೈಗೆ ಬಂದದ್ದು 1958ರ ಸುಮಾರಿಗೆ. ಅದನ್ನು ನೋಡಲು ಅವನಿರಲಿಲ್ಲ.

ಅಮೆರಿಕದಲ್ಲಿ ಬೆಲ್ ಪ್ರಯೋಗಾಲಯದವರು ಇನ್ನೊಂದು ದಾರಿ ಹಿಡಿದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ವಾದ್ಯವೃಂದ ನುಡಿಸುತ್ತಿತ್ತು. ಶ್ರೋತೃಗಳು ಕುಳಿತಿದ್ದುದು ಇನ್ನೂರು ಕಿಲೋಮೀಟರಿಗೂ ದೂರದ ವಾಷಿಂಗ್ಟನ್ನಿನಲ್ಲಿ. ಮೂರು ಮೈಕುಗಳು ಹಿಡಿದ ಧ್ವನಿ ಟೆಲಿಫೋನ್ ತಂತಿಗಳ ಮೂಲಕ ಸಾಗಿ ವೇದಿಕೆಯ ಎಡ, ನಡು, ಬಲಗಳಲ್ಲಿದ್ದ ಮೂರು ಸ್ಪೀಕರುಗಳಿಂದ ಹೊಮ್ಮಿತು. ವೃಂದದ ಪ್ರಸಿದ್ಧ ನಿರ್ದೇಶಕ ಸ್ಟೊಕೊವ್‌ಸ್ಕಿ ಅಂದು ವಾದ್ಯಗಾರರ ಎದುರು ನಿಲ್ಲದೆ, ವಾಷಿಂಗ್ಟನ್ನಿನಲ್ಲಿ ಕುಳಿತು ಧ್ವನಿಯ ಗುಂಡಿಗಳನ್ನು ತಿರುಗಿಸುತ್ತಿದ್ದನು.

ಎರಡರ ಬದಲು ಮೂರು ಸ್ಪೀಕರುಗಳು ಏಕೆ? ದೊಡ್ಡ ಸಭಾಂಗಣದಲ್ಲಿ ಎಲ್ಲರೂ ನಡುವೆ ಕುಳಿತುಕೊಳ್ಳಲಾರರು. ಎರಡು ಸ್ಪೀಕರುಗಳಿಂದ ಸಮಾನ ದೂರದಲ್ಲಿ ಕುಳಿತವರಿಗೆ ಮಾತ್ರ ಗಾಯಕನು ನಡುವೆ ನಿಂತಂತೆ ಕೇಳಿಸುತ್ತದೆ. ಒಂದು ಸ್ಪೀಕರಿಗೆ ಕೇವಲ ಒಂದಡಿಯಷ್ಟು ಹತ್ತಿರವಾದರೆ ಅದರ ಧ್ವನಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮೊದಲು ತಲಪುತ್ತದೆ; ಕಿವಿಯು ಮೊದಲು ಬಂದುದನ್ನೇ ನಂಬಿ ಗಾಯಕನನ್ನು ಆ ಬದಿಗೆ ಎಳೆದುಬಿಡುತ್ತದೆ. ಇದನ್ನು 1940ರ ದಶಕದ ಕೊನೆಯಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಮೊದಲಾದವರು ವ್ಯವಸ್ಥಿತವಾಗಿ ಅಳೆದು ತೋರಿಸಿದರು.

ಹಾಲಿವುಡ್ಡಿನ ಹೆಜ್ಜೆಯ ಸಪ್ಪಳ

ಒಡೆದ ಧ್ವನಿಯನ್ನು ಕೂಡಿಸುವ ಕಷ್ಟ ಎಂತಹದೆಂಬುದು 1930ರ ದಶಕದ ನಡುವೆ ಹಾಲಿವುಡ್ಡಿನಲ್ಲಿ ಬಯಲಾಯಿತು. ಎಂ.ಜಿ.ಎಂ. ಚಿತ್ರಸಂಸ್ಥೆಯವರು ಸಿನಿಮಾ ಮಂದಿರಗಳಿಗಾಗಿ ಮಂದ್ರಕ್ಕೊಂದು, ತಾರಕ್ಕೊಂದು ಕಹಳೆಯುಳ್ಳ ಸ್ಪೀಕರುಗಳನ್ನು ಪರೀಕ್ಷಿಸುತ್ತಿದ್ದರು. ಎಲಿನಾರ್ ಪೊವೆಲ್ ಎಂಬ ನರ್ತಕಿಯ ಟ್ಯಾಪ್ ನೃತ್ಯದ ದೃಶ್ಯ ಬಂದಾಗ, ಬೂಟಿನ ಒಂದೊಂದು ತಟ್ಟಿಗೂ ಎರಡೆರಡು ಸಪ್ಪಳ ಕೇಳಿಸಿತಂತೆ. ಜಾನ್ ಹಿಲಿಯರ್ಡ್ ಎಂಬ ಎಂಜಿನಿಯರು ಕಾರಣವನ್ನು ಹುಡುಕಿದನು. ಮಂದ್ರದ ಕಹಳೆ ತಾರದ ಕಹಳೆಗಿಂತ ಸುಮಾರು ಎಂಟಡಿ ಉದ್ದವಿತ್ತು. ಒಂದೇ ಸಪ್ಪಳದ ಎರಡು ಭಾಗಗಳಲ್ಲಿ ಒಂದು ಎಂಟಡಿ ಹೆಚ್ಚು ದೂರ ನಡೆದು, ಸುಮಾರು ಏಳು ಮಿಲಿಸೆಕೆಂಡು ತಡವಾಗಿ ಬರುತ್ತಿತ್ತು. ಪಿಟೀಲಿನ ದೀರ್ಘ ಸ್ವರದಲ್ಲಿ ಈ ತಡ ಗೊತ್ತಾಗುವುದಿಲ್ಲ. ಚಟಕ್ಕನೆ ಮುಗಿಯುವ ಸಪ್ಪಳದಲ್ಲಿ ಅಡಗಿಸಲು ಬರುವುದಿಲ್ಲ.

ಮಂದ್ರದ ಕಹಳೆಯನ್ನು ಗಿಡ್ಡವಾಗಿಸಿ, ಎರಡನ್ನೂ ಸರಿಸಾಲಿನಲ್ಲಿ ನಿಲ್ಲಿಸಿದ ಹೊಸ ಸ್ಪೀಕರು ಸಿದ್ಧವಾಯಿತು. ಧ್ವನಿ ವಿಭಾಗದ ಮುಖ್ಯಸ್ಥ ಡಗ್ಲಸ್ ಶಿಯರರ್‌ನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. 1936ನೆಯ ಸಾಲಿನ ಆಸ್ಕರ್ ತಾಂತ್ರಿಕ ಪ್ರಶಸ್ತಿಯೂ ಅದಕ್ಕೆ ದೊರಕಿತು. ಅಲ್ಲಿನ ಎಂಜಿನಿಯರುಗಳಿಗೆ ಒಂದು ವಿಷಯ ಮನವರಿಕೆಯಾಯಿತು: ಕ್ರಾಸ್‌ಓವರ್ ಎಂದರೆ ಕೇವಲ ಕೆಪ್ಯಾಸಿಟರು ಮತ್ತು ಸುರುಳಿಯಲ್ಲ, ಗಾಳಿಯಲ್ಲಿ ಧ್ವನಿ ನಡೆಯುವ ದೂರವೂ ಅದರ ಒಂದು ಅಂಗ.

ಲೆಕ್ಕದ ಕ್ರಾಸ್‌ಓವರ್, ನಿಜದ ಕ್ರಾಸ್‌ಓವರ್

ಮುಂದಿನ ತೊಡಕು ಇನ್ನೂ ಸೂಕ್ಷ್ಮವಾದುದು. ಕೆಪ್ಯಾಸಿಟರೂ ಸುರುಳಿಯೂ ಅಲೆಗಳನ್ನು ತಡೆಯುವುದರ ಜೊತೆಗೆ ಅವುಗಳ ಹೆಜ್ಜೆಯನ್ನು ಮುಂದೆ ಹಿಂದೆ ಮಾಡುತ್ತವೆ. ವೂಫರ್ ಹೊರಗೆ ತಳ್ಳುವಾಗ ಟ್ವೀಟರ್ ಒಳಗೆ ಸೆಳೆದರೆ, ಇಬ್ಬರೂ ಸಂಧಿಸುವ ಆವೃತ್ತಿಯಲ್ಲಿ ಒಬ್ಬರನ್ನೊಬ್ಬರು ಅಳಿಸಿಹಾಕುತ್ತಾರೆ. ಎರಡು ಎತ್ತುಗಳು ಹಗ್ಗವನ್ನು ಎದುರುಬದುರು ದಿಕ್ಕಿಗೆ ಎಳೆದಂತೆ. ಕೆಲವು ಬಗೆಯ ಕ್ರಾಸ್‌ಓವರುಗಳಲ್ಲಿ ಟ್ವೀಟರಿನ ತಂತಿಗಳನ್ನು ಬೇಕೆಂದೇ ಅದಲು ಬದಲು ಮಾಡಿ ಜೋಡಿಸಿರುವುದು ಇದಕ್ಕಾಗಿಯೇ. ಪೆಟ್ಟಿಗೆ ಬಿಚ್ಚಿದವರು "ಕಾರ್ಖಾನೆಯವರ ತಪ್ಪು" ಎಂದು ಅದನ್ನು ತಿದ್ದಲು ಹೋಗಬಾರದು.

ಈ ಸಮಸ್ಯೆಗೆ ಅಂದವಾದ ಪರಿಹಾರವೊಂದು 1976ರಲ್ಲಿ ಬಂತು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಎಂಜಿನಿಯರು ಸೀಗ್‌ಫ್ರೀಡ್ ಲಿಂಕ್‌ವಿಟ್ಸ್, ಸಹೋದ್ಯೋಗಿ ರಸ್ ರೈಲಿಯೊಡನೆ ಯೋಚಿಸಿ, ಸಂಧಿಸ್ಥಾನದಲ್ಲಿ ಎರಡು ಸ್ಪೀಕರುಗಳೂ ತಲಾ 6 ಡೆಸಿಬೆಲ್ ತಗ್ಗಿ, ಒಂದೇ ಹೆಜ್ಜೆಯಲ್ಲಿ ನಡೆಯುವಂತೆ ಏರ್ಪಡಿಸಿದನು. ಎರಡು ಅರ್ಧಗಳು ಕೂಡಿ ಸರಿಯಾಗಿ ಒಂದಾಗುತ್ತವೆ. ಇಂದಿಗೂ ಬಹಳಷ್ಟು ಸ್ಪೀಕರುಗಳಲ್ಲಿ ಲಿಂಕ್‌ವಿಟ್ಸ್–ರೈಲಿ ಎಂಬ ಈ ಜೋಡಿಹೆಸರಿನ ಕ್ರಾಸ್‌ಓವರೇ ಕೆಲಸ ಮಾಡುತ್ತಿದೆ.

ಬ್ರಿಟನ್ನಿನ ಬಿ.ಬಿ.ಸಿ.ಯ ಎಂಜಿನಿಯರುಗಳ ಕೆಲಸವೂ ಸ್ಮರಣೀಯ. 1960ರ ದಶಕದ ಕೊನೆಯಲ್ಲಿ ಅವರು ಸಂಗೀತ ಸ್ಟುಡಿಯೋಗಳ ಧ್ವನಿಗುಣವನ್ನು ಕಟ್ಟುವ ಮೊದಲೇ ತಿಳಿಯಲು, ಎಂಟನೆಯ ಒಂದು ಅಳತೆಯ ಮಾದರಿಗಳನ್ನು ಕಟ್ಟಿ, ಅವುಗಳಲ್ಲಿ ಸಂಗೀತವನ್ನು ಎಂಟು ಪಟ್ಟು ವೇಗದಲ್ಲಿ ನುಡಿಸಿ ಪರೀಕ್ಷಿಸುತ್ತಿದ್ದರು. ಆ ಗೊಂಬೆಮನೆಯಂಥ ಸ್ಟುಡಿಯೋಗೆ ಒಂದು ಪುಟ್ಟ ಸ್ಪೀಕರ್ ಬೇಕಾಗಿತ್ತು. ಅದರಿಂದಲೇ ಮುಂದೆ, ಹೊರಾಂಗಣ ಪ್ರಸಾರದ ವಾಹನಗಳಿಗಾಗಿ, ಎಲ್‌ಎಸ್3/5ಎ ಎಂಬ ಹೆಸರಾಂತ ಸ್ಪೀಕರು ಹುಟ್ಟಿತು. ಎತ್ತರ ಒಂದೇ ಅಡಿ. ಆದರೆ ಅದರೊಳಗಿನ ಕ್ರಾಸ್‌ಓವರ್ ಹತ್ತಾರು ಬಿಡಿಭಾಗಗಳದು. ಒಂದೇ ಕಾರ್ಖಾನೆಯ ಎರಡು ಟ್ವೀಟರುಗಳೂ ಸರಿಸಮ ಇರುವುದಿಲ್ಲವೆಂದು ತಿಳಿದ ಅವರು, ಪ್ರತಿಯೊಂದು ಪೆಟ್ಟಿಗೆಯಲ್ಲೂ ಟ್ವೀಟರಿನ ಮಟ್ಟವನ್ನು ಬೇರೆಯಾಗಿ ಹೊಂದಿಸಲು ಅನುಕೂಲವಾಗುವಂತೆ ಅದರಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರನ್ನು ಇಟ್ಟರು. ಎಡ ಬಲಗಳೆರಡೂ ಒಂದೇ ಸಮನಾಗಿ ನುಡಿಯದಿದ್ದರೆ ಸ್ಟೀರಿಯೋ ಎಂಬುದೇ ಇಲ್ಲ.

ಮೂರನೆಯ ಪಾಲುದಾರ: ಕೋಣೆ

ಇಷ್ಟೆಲ್ಲ ಆದ ಮೇಲೂ ಉಳಿದುಕೊಂಡದ್ದು ಕೋಣೆಯ ಪ್ರಶ್ನೆ. ಇದರ ಚರಿತ್ರೆ ಸ್ಪೀಕರಿಗಿಂತ ಹಳೆಯದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದು ಸೆಕೆಂಡಿಗೂ ಹೆಚ್ಚು ಕಾಲ ಸುಳಿದಾಡುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ ವ್ಯಾಲೆಸ್ ಸೇಬೈನ್ ಎಂಬ ಎಳೆಯ ಭೌತಶಾಸ್ತ್ರ ಅಧ್ಯಾಪಕನ ಮೇಲೆ ಬಿತ್ತು. ಆತ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತರಿಸಿ, ಒಂದೊಂದಾಗಿ ಇಟ್ಟು, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಕೋಣೆ ದೊಡ್ಡದಾದಷ್ಟೂ ಅನುರಣನ ದೀರ್ಘ, ಹೀರಿಕೊಳ್ಳುವ ವಸ್ತು ಹೆಚ್ಚಾದಷ್ಟೂ ಹ್ರಸ್ವ ಎಂಬ ಸರಳ ಸೂತ್ರ ಹೀಗೆ ದೊರೆಯಿತು. ಅಧ್ಯಾಪಕನೊಬ್ಬ ಮೆತ್ತೆ ಹೊತ್ತು ಒಂದು ಶಾಸ್ತ್ರವನ್ನೇ ಹುಟ್ಟುಹಾಕಿದ ಈ ಸಂಗತಿ ನಮ್ಮ ವೃತ್ತಿಯವರಿಗೆ ಹೆಮ್ಮೆಯದು.

ನಮ್ಮ ಇಂದಿನ ಮನೆಗಳನ್ನು ಸೇಬೈನನ ಕಣ್ಣಿನಿಂದ ನೋಡಿ. ಕಾಂಕ್ರೀಟಿನ ಸೂರು, ಸಿಮೆಂಟಿನ ಗೋಡೆ, ನುಣುಪಾದ ಟೈಲ್ಸಿನ ನೆಲ, ಗಾಜಿನ ಕಿಟಕಿ. ಧ್ವನಿಯನ್ನು ಹೀರುವುದು ಸೋಫಾ ಒಂದೇ. ಹಂಚಿನ ಮಾಡು, ಮರದ ಅಟ್ಟ, ಚಾಪೆ ಜಮಖಾನೆಗಳಿದ್ದ ಹಳೆಯ ಮನೆಯಲ್ಲಿ ಮರ್ಫಿ ರೇಡಿಯೋದ ಮಾತು ಅಷ್ಟು ಸ್ಪಷ್ಟವಾಗಿ ಕೇಳುತ್ತಿದ್ದುದರಲ್ಲಿ ರೇಡಿಯೋದ ಪಾಲಿನ ಜೊತೆಗೆ ಮನೆಯ ಪಾಲೂ ಇತ್ತು.

ಈಗ ನಾನು ಮೊದಲು ಹೇಳಿದ ಊಹೆಯ ಮಾತಿಗೆ ಬರೋಣ. 1950ರ ದಶಕದ ಆರಂಭದಲ್ಲಿ ಆರ್.ಸಿ.ಎ. ಸಂಸ್ಥೆಯ ಹ್ಯಾರಿ ಓಲ್ಸನ್ ಒಂದೇ ಸ್ಪೀಕರನ್ನು ಗೋಳ, ಘನ, ಕೊಳವೆ ಮೊದಲಾದ ನಾನಾ ಆಕಾರದ ಪೆಟ್ಟಿಗೆಗಳಲ್ಲಿ ಇಟ್ಟು, ಆಕಾರವೊಂದೇ ಧ್ವನಿಯನ್ನು ಎಷ್ಟು ಬದಲಿಸುತ್ತದೆಂದು ತೋರಿಸಿದನು. ತಾರಸ್ವರದ ಕಿರಿಯ ಅಲೆಗಳು ಪೆಟ್ಟಿಗೆಯ ಮುಖದಿಂದ ನೇರವಾಗಿ ಮುಂದಕ್ಕೆ ಹೋಗುತ್ತವೆ. ಮಂದ್ರದ ಹಿರಿಯ ಅಲೆಗಳು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹರಡುತ್ತವೆ. 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಈ ಬದಲಾವಣೆ ಆಗುವುದು ಸುಮಾರು 600 ಹರ್ಟ್ಸ್‌ನ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗಿನ ಸ್ವರಗಳು ಎದುರು ಕುಳಿತವರಿಗೆ 6 ಡೆಸಿಬೆಲ್‌ವರೆಗೆ ತಗ್ಗಿ ಕೇಳಿಸುತ್ತವೆ. ಈ ಕೊರತೆಯನ್ನು ತುಂಬಲು ಎಂಜಿನಿಯರು ವೂಫರಿನ ಸುರುಳಿಗೆ ಲೆಕ್ಕಕ್ಕಿಂತ ಹೆಚ್ಚು ಸುತ್ತು ಹಾಕಿ, ಮೇಲಿನ ಸ್ವರಗಳನ್ನು ಅಷ್ಟೇ ತಗ್ಗಿಸಿ ಸಮತೂಗಿಸುತ್ತಾನೆ. "ಈ ಪೆಟ್ಟಿಗೆ ಗೋಡೆಯಿಂದ ದೂರ, ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ" ಎಂಬುದೇ ಅವನ ಊಹೆ.

ಅಂತಹ ಪೆಟ್ಟಿಗೆಯನ್ನು ನಾವು ಗೂಡಿನಲ್ಲಿ ತುರುಕಿದರೆ ಏನಾಗುತ್ತದೆ? ಹಿಂದೆ ಹೋಗಬೇಕಾದ ಮಂದ್ರವನ್ನು ಗೋಡೆ ಮುಂದಕ್ಕೆ ಹಿಂದಿರುಗಿಸುತ್ತದೆ. ಎಂಜಿನಿಯರು ತುಂಬಿದ್ದ ಕೊರತೆಯನ್ನು ಗೋಡೆ ಮತ್ತೊಮ್ಮೆ ತುಂಬುತ್ತದೆ. ಎರಡು ಬಾರಿ ಉಪ್ಪು ಹಾಕಿದ ಸಾರಿನಂತೆ ಧ್ವನಿ ಕೆಡುತ್ತದೆ. ಗೋಡೆಗೆ ತಾಗಿಸಿ ಇಡಲೆಂದೇ ಮಾಡಿದ ಪೆಟ್ಟಿಗೆಗಳೂ ಉಂಟು. ಅವನ್ನು ಕೋಣೆಯ ನಡುವೆ ಇಟ್ಟರೆ ಧ್ವನಿ ತೆಳುವಾಗುತ್ತದೆ.

1974ರಲ್ಲಿ ರಾಯ್ ಆಲಿಸನ್ ಎಂಬ ಅಮೆರಿಕದ ಎಂಜಿನಿಯರು ಇನ್ನೊಂದು ಅಂಶವನ್ನು ಲೆಕ್ಕಹಾಕಿ ಪ್ರಕಟಿಸಿದನು. ವೂಫರಿನಿಂದ ಗೋಡೆಗಿರುವ ದೂರವು ಯಾವ ಅಲೆಯ ಕಾಲುಭಾಗಕ್ಕೆ ಸಮವೋ ಆ ಸ್ವರವನ್ನು ಗೋಡೆಯಿಂದ ಮರಳಿದ ಅಲೆ ಕುಗ್ಗಿಸುತ್ತದೆ. ದೂರ ಎರಡಡಿ ಆದರೆ ಅದು ಸುಮಾರು 140 ಹರ್ಟ್ಸ್. ಪುರುಷಕಂಠದ ಬುಡ ಇರುವ ಪ್ರದೇಶ ಅದೇ. ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ ಮೂರೂ ಸಮಾನ ದೂರದಲ್ಲಿದ್ದರೆ ಒಂದೇ ಸ್ವರಕ್ಕೆ ಮೂರು ಏಟು ಬೀಳುತ್ತದೆ. ಆದುದರಿಂದ ಈ ಮೂರು ದೂರಗಳು ಬೇರೆ ಬೇರೆಯಾಗಿರಬೇಕು.

ಗೋಡೆಯನ್ನು ಶತ್ರುವಾಗಿ ಕಾಣದೆ ಮಿತ್ರನನ್ನಾಗಿಸಿಕೊಳ್ಳಲು ಹೊರಟವನು ಅಮರ್ ಬೋಸ್. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರನೊಬ್ಬನ ಮಗನಾಗಿ ಅಮೆರಿಕದಲ್ಲಿ ಹುಟ್ಟಿ, ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕನಾದ ಈತ 1956ರಲ್ಲಿ ದುಬಾರಿ ಸ್ಟೀರಿಯೋ ಕೊಂಡು ನಿರಾಶನಾಗಿ ಈ ವಿಷಯದ ಅಧ್ಯಯನಕ್ಕೆ ಇಳಿದನು. 1968ರಲ್ಲಿ ಹೊರತಂದ 901 ಎಂಬ ಸ್ಪೀಕರಿನಲ್ಲಿ ಒಂಬತ್ತು ಸಣ್ಣ ಶಂಕುಗಳು. ಅವುಗಳಲ್ಲಿ ಎಂಟು ಮುಖ ಮಾಡಿದ್ದು ಹಿಂದಿನ ಗೋಡೆಯ ಕಡೆಗೆ. ಎಲ್ಲ ಶಂಕುಗಳೂ ಒಂದೇ ಬಗೆಯವಾದ್ದರಿಂದ ಕ್ರಾಸ್‌ಓವರೇ ಇರಲಿಲ್ಲ. ಮೆಚ್ಚಿದವರೂ ಜರೆದವರೂ ಬಹಳ ಮಂದಿ. ಆದರೆ ಅವರೆಲ್ಲರೂ ಗೋಡೆಯ ಬಗ್ಗೆ ಯೋಚಿಸುವಂತಾಯಿತು.

ಒಣಗಿದ ಕೆಪ್ಯಾಸಿಟರ್

ನಮ್ಮ ಮನೆತನದವರಿಗೆ ಪರಿಚಿತವಾದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ದಿವಂಗತ ಅಣ್ಣ 1983ರಲ್ಲಿ ಕೊಂಡಿದ್ದ ಸ್ಪೀಕರುಗಳು ಕಳೆದ ಕೆಲವು ವರ್ಷಗಳಿಂದ ಕಂಬಳಿ ಹೊದ್ದು ಮಾತನಾಡಿದಂತೆ ನುಡಿಯುತ್ತಿದ್ದವು. ರಿಪೇರಿಯವನೊಬ್ಬ "ಟ್ವೀಟರ್ ಹೋಗಿದೆ, ಈಗ ಸಿಗುವುದಿಲ್ಲ, ಗುಜರಿಗೆ ಹಾಕಿ" ಎಂದನಂತೆ. ಅಣ್ಣನ ಮಗ ಹಾಗೆಯೇ ಮಾಡುವುದರಲ್ಲಿದ್ದ. ಪೆಟ್ಟಿಗೆ ಬಿಚ್ಚಿ ನೋಡಿದಾಗ ಟ್ವೀಟರುಗಳು ಗಟ್ಟಿಯಾಗಿದ್ದವು. ಒಣಗಿದ್ದುದು ಅವುಗಳ ಹಾದಿಯಲ್ಲಿದ್ದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು. ಈ ಬಗೆಯ ಕೆಪ್ಯಾಸಿಟರಿನೊಳಗೆ ದ್ರವದಲ್ಲಿ ನೆನೆದ ಕಾಗದವಿರುತ್ತದೆ. ದಶಕಗಳು ಕಳೆದಂತೆ ಅದು ಆರಿ, ರೋಧ ಏರಿ, ತಾರಸ್ವರವನ್ನು ಮಂಕಾಗಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಮೌಲ್ಯದ ಹೊಸವನ್ನು ತರಿಸಿ ಬೆಸುಗೆ ಹಾಕಿದೆವು. ಪೆಟ್ಟಿಗೆಗಳನ್ನು ಷೋಕೇಸಿನಿಂದ ಇಳಿಸಿ, ಗೋಡೆಯಿಂದ ಎರಡಡಿ ಮುಂದೆ ಎರಡು ಸ್ಟೂಲುಗಳ ಮೇಲೆ ಇಟ್ಟೆವು.

ಆ ಸಂಜೆ ಹಾಕಿದ್ದು, ಅಣ್ಣ ಮನೆಯಲ್ಲೇ ಧ್ವನಿಮುದ್ರಿಸಿದ್ದ ಅತ್ತಿಗೆಯ ದೇವರನಾಮದ ಕ್ಯಾಸೆಟ್ಟು. ಹಾಡು ಮುಗಿದ ಮೇಲೆ ಕೊನೆಯಲ್ಲಿ "ಸಾಕು, ನಿಲ್ಲಿಸಲೇ?" ಎಂದು ಅಣ್ಣ ಮೆಲ್ಲಗೆ ಕೇಳಿದ್ದು ಅದರಲ್ಲಿ ದಾಖಲಾಗಿತ್ತು. ಮಂಕಾಗಿದ್ದ ಸ್ಪೀಕರಿನಲ್ಲಿ ಆ ಮಾತು ಯಾರಿಗೂ ಕೇಳಿಸಿರಲಿಲ್ಲ. ಅತ್ತಿಗೆ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು.

ಕೆಪ್ಯಾಸಿಟರಿಗೆ ಸಾವಿರಾರು ರೂಪಾಯಿ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಒಣಗಿದ ಕೆಪ್ಯಾಸಿಟರಿಗೂ ಒಳ್ಳೆಯದಕ್ಕೂ ಇರುವ ವ್ಯತ್ಯಾಸ ಉಪಕರಣದಲ್ಲಿ ಅಳೆಯುವಂಥದು, ಕಿವಿಗೂ ತಿಳಿಯುವಂಥದು. ಆದರೆ ಒಂದೇ ಮೌಲ್ಯದ ಎರಡು ಒಳ್ಳೆಯ ಕೆಪ್ಯಾಸಿಟರುಗಳ ವ್ಯತ್ಯಾಸವು ಪೆಟ್ಟಿಗೆಯನ್ನು ಒಂದಡಿ ಸರಿಸಿದಾಗ ಆಗುವ ವ್ಯತ್ಯಾಸದ ಮುಂದೆ ಏನೇನೂ ಅಲ್ಲ.

ಕಣ್ಣು ಕಟ್ಟಿ ಕೇಳಿದವರ ತೀರ್ಪು

ಇದು ನನ್ನೊಬ್ಬನ ಅಭಿಪ್ರಾಯವಲ್ಲ. 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಫ್ಲಾಯ್ಡ್ ಟೂಲ್, ಸ್ಪೀಕರುಗಳನ್ನು ಪರದೆಯ ಹಿಂದೆ ಮರೆಮಾಡಿ ಕೇಳುಗರಿಂದ ಅಂಕ ಹಾಕಿಸುವ ಪದ್ಧತಿಯನ್ನು ಶಿಸ್ತಿನಿಂದ ಬೆಳೆಸಿದನು. ಬ್ರಾಂಡೂ ಬೆಲೆಯೂ ಕಾಣದಿದ್ದಾಗ ಕೇಳುಗರ ತೀರ್ಪುಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆಂದು ತಿಳಿಯಿತು. ಅದೇ ಮಾರ್ಗದಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪೀಕರನ್ನು ಇಟ್ಟ ಜಾಗ ಬದಲಾದರೆ ಅದಕ್ಕೆ ಬೀಳುವ ಅಂಕಗಳೂ ಗಣನೀಯವಾಗಿ ಬದಲಾಗುತ್ತವೆಂದು ಕಂಡುಬಂತು. ಇಂದು ಮೈಕಿನಿಂದ ಕೋಣೆಯನ್ನು ಅಳೆದು ತಾನಾಗಿ ತಿದ್ದಿಕೊಳ್ಳುವ ಯಂತ್ರಗಳೂ ಬಂದಿವೆ. ಅವು ಮಂದ್ರದ ಗುಮ್ಮನ್ನು ಸಾಕಷ್ಟು ತಗ್ಗಿಸಬಲ್ಲವು; ಬರಿಯ ಗೋಡೆಗಳ ಅನುರಣನವನ್ನು ಅಳಿಸಲಾರವು. ಅದಕ್ಕೆ ಸೇಬೈನನ ಮೆತ್ತೆಯೇ ಬೇಕು.

ಮನೆಯಲ್ಲಿ ಸ್ಪೀಕರುಗಳುಳ್ಳ ಪ್ರತಿಯೊಬ್ಬರಿಗೂ ನನ್ನ ಸಲಹೆ ಇಷ್ಟೇ. ಪೆಟ್ಟಿಗೆಗಳನ್ನು ಗೂಡಿನಿಂದ ಹೊರಗೆ ತನ್ನಿ. ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕಿರಲಿ. ಎರಡು ಪೆಟ್ಟಿಗೆಗಳೂ ನೀವೂ ಸಮಭುಜ ತ್ರಿಕೋನದ ಮೂರು ಮೂಲೆಗಳಾಗಿರಿ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲಗಳ ದೂರ ಬೇರೆ ಬೇರೆಯಾಗಿರಲಿ. ನಿಮಗೂ ಪೆಟ್ಟಿಗೆಗೂ ನಡುವೆ ಒಂದು ಜಮಖಾನೆ ಹಾಸಿ, ಬರಿಯ ಗೋಡೆಗೆ ಪುಸ್ತಕದ ಕಪಾಟನ್ನು ಇಡಿ. ತಂತಿಗಳ ಕೆಂಪು ಕಪ್ಪುಗಳು ಎರಡೂ ಕಡೆ ಒಂದೇ ರೀತಿ ಇವೆಯೇ ಎಂದು ನೋಡಿ. ಪರಿಚಿತವಾದ ಒಂದು ಕಂಠವನ್ನು ಹಾಕಿ, ಪೆಟ್ಟಿಗೆಯನ್ನು ಗೇಣು ಗೇಣಾಗಿ ಸರಿಸುತ್ತ ಕೇಳಿ. ಮನೆಯ ಹಿರಿಯರನ್ನು ನಡುವೆ ಕೂರಿಸಿ, "ಸಾಹಿತ್ಯ ತಿಳಿಯುತ್ತದೆಯೇ?" ಎಂದು ಕೇಳಿ. ವಯಸ್ಸಾದವರ ಕಿವಿಗೆ ಮೊದಲು ಕಳೆದುಹೋಗುವುದು ಕಂಠವಲ್ಲ, ಕಂಠದೊಳಗಿನ ವ್ಯಂಜನಗಳು. ಅವರು ಹೌದೆಂದು ತಲೆಯಾಡಿಸಿದ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಇದಕ್ಕೆ ಖರ್ಚೇನೂ ಇಲ್ಲ, ಒಂದು ಭಾನುವಾರದ ಮಧ್ಯಾಹ್ನ ಸಾಕು.